ಟ್ರೇಲರಿನಲ್ಲಿ ಬಿರುಕು: ಕಾರಣ, ಪತ್ತೆ ಮತ್ತು ದುರಸ್ತಿ

(ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲೂಕುಗಳ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ನಾನು. ಬೀಜ, ಗೊಬ್ಬರ, ಕಳೆಗಳ ವಿಷಯ ಬಿಟ್ಟು ಇಂದು ಟ್ರೇಲರಿನ ವಿಷಯ ಹೇಳಲು ನಿಂತಿದ್ದೇನೆ. ಇದಕ್ಕೆ ಕಾರಣವಿದೆ. ನಾವು ಬೆಳೆದದ್ದು ಮನೆಗೆ, ಮಾರುಕಟ್ಟೆಗೆ ಮುಟ್ಟಿದಾಗಲೇ ಬೇಸಾಯ ಪೂರ್ತಿಯಾಗುತ್ತದೆ. ಆ ಕೊನೆಯ ದಾರಿಯಲ್ಲಿ ನಮ್ಮ ವರ್ಷದ ದುಡಿಮೆಯನ್ನೂ ಕೆಲವೊಮ್ಮೆ ನಮ್ಮವರ ಜೀವವನ್ನೂ ಹೊತ್ತು ನಡೆಯುವುದು ಟ್ರೇಲರು.

2018ರ ಜನವರಿಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ತೊಗರಿ ರಾಶಿ ಮುಗಿಸಿ ಚೀಲಗಳನ್ನು ಹೇರಿ ಟ್ರೇಲರು ಊರಿಗೆ ಹೊರಟಿತ್ತು. ಅದರ ಡ್ರಾಬಾರಿನಲ್ಲಿ ಹಿಂದಿನ ಬೇಸಿಗೆಯಲ್ಲಿ ಒಂದು ಬಿರುಕು ಕಂಡಿತ್ತು. ಅಂಗಡಿಗೆ ಒಯ್ದು ವೆಲ್ಡಿಂಗ್ ಮಾಡಿಸಿದೆವು. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಿಟ್ಟಿತು, ಮತ್ತೆ ಮಾಡಿಸಿದೆವು. ಮೂರನೆಯ ಸಲವೂ ಹಾಗೇ ಆಯಿತು. ಆ ದಿನ ಹಳ್ಳದ ಏರು ಹತ್ತುವಾಗ ಡ್ರಾಬಾರು ಕಡಿಯಿತು. ಟ್ರೇಲರು ಹಿಂದಕ್ಕೆ ಉರುಳಿ ಹಳ್ಳಕ್ಕೆ ಬಿತ್ತು. ದಿನವೂ ಚೀಲಗಳ ಮೇಲೆ ಕುಳಿತು ಬರುತ್ತಿದ್ದ ಕೂಲಿಯ ಹೆಣ್ಣುಮಕ್ಕಳು ಅಂದು ನೀರು ಕುಡಿಯಲೆಂದು ಇಳಿದು ನಡೆದು ಬರುತ್ತಿದ್ದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಆ ದಿನ ಅವರು ಇಳಿಯದೆ ಇದ್ದಿದ್ದರೆ ಎಂಬ ವಿಚಾರ ನನಗೆ ಇಂದಿಗೂ ಬರುತ್ತದೆ.

ಮೂರು ಸಲ ದುಡ್ಡು ಕೊಟ್ಟು ಮಾಡಿಸಿದ ದುರಸ್ತಿ ಏಕೆ ನಿಲ್ಲಲಿಲ್ಲ? ಈ ಪ್ರಶ್ನೆಯನ್ನು ಯಂತ್ರ ಬಲ್ಲ ನನ್ನ ಸಹೋದ್ಯೋಗಿಗಳಲ್ಲಿ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಬಿರುಕು ಏಕೆ ಬರುತ್ತದೆ?

ತೆಳ್ಳನೆಯ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹತ್ತಾರು ಸಲ ಆಚೆ ಈಚೆ ಬಗ್ಗಿಸಿದರೆ ಮುರಿಯುತ್ತದೆ. ಟ್ರೇಲರಿನ ಕಬ್ಬಿಣಕ್ಕೂ ಹೀಗೆಯೇ ದಣಿವು ಬರುತ್ತದೆ. ಪ್ರತಿಯೊಂದು ತಗ್ಗಿನಲ್ಲಿಯೂ ಅದು ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಈ ದಣಿವು ಮೊದಲು ಕಾಣುವುದು ವೆಲ್ಡಿಂಗಿನ ಅಂಚು, ಚೂಪಾದ ಮೂಲೆ ಮತ್ತು ಕೊರೆದ ತೂತುಗಳಲ್ಲಿ.

ನಮ್ಮ ಭಾಗದಲ್ಲಿ ಇದಕ್ಕೆ ಮೂರು ವಿಶೇಷ ಕಾರಣಗಳಿವೆ.

ಮೊದಲನೆಯದು ದಾರಿ. ಮಳೆಗಾಲದಲ್ಲಿ ಎರೆಭೂಮಿಯ ಬಂಡಿದಾರಿಯಲ್ಲಿ ಗಾಲಿಗಳು ಆಳವಾದ ಜಾಡು ಕೊರೆಯುತ್ತವೆ. ತೊಗರಿ ರಾಶಿಯ ಹೊತ್ತಿಗೆ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಆ ಜಾಡು ಒಣಗಿ ಕಲ್ಲಿನಂತಾಗಿರುತ್ತದೆ. ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ ನಡೆದಾಗ ಚೌಕಟ್ಟು ಬಟ್ಟೆ ಹಿಂಡಿದಂತೆ ತಿರುಚುತ್ತದೆ. ಅಡ್ಡ ಚಾನೆಲ್‌ಗಳ ಬೆಸುಗೆ ಬಿಡುವುದು ಇದರಿಂದ. ಚಿಂಚೋಳಿಯ ಕಡೆ ಏರಿಳಿತ ಹೆಚ್ಚು. ಬ್ರೇಕಿಲ್ಲದ ಟ್ರೇಲರು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಎಳೆತ ಮತ್ತು ನೂಕು ಎರಡನ್ನೂ ಡ್ರಾಬಾರೇ ತಾಳಬೇಕು.

ಎರಡನೆಯದು ಹೇರು. ತೊಗರಿಗೆಂದು ಮಾಡಿಸಿದ ಟ್ರೇಲರಿನಲ್ಲಿ ಬೇಸಿಗೆಯಲ್ಲಿ ಮಣ್ಣು, ಮರಳು, ಶಹಾಬಾದಿನ ಫರಸಿ ಕಲ್ಲು ಹೇರುತ್ತೇವೆ. ಲೆಕ್ಕ ನೋಡಿರಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯಲ್ಲಿ 120 ಘನ ಅಡಿ ಹಿಡಿಯುತ್ತದೆ. ಅದರ ತುಂಬ ತೊಗರಿ ಸುರಿದರೆ ತೂಕ ಸುಮಾರು 27 ಕ್ವಿಂಟಲ್. ಮೂರು ಟನ್ನಿನ ಟ್ರೇಲರಿಗೆ ಇದು ಸರಿಯಾದ ಹೇರು. ಅದೇ ಪೆಟ್ಟಿಗೆಯ ತುಂಬ ಒಣ ಮಣ್ಣು ಹಾಕಿದರೆ ಸುಮಾರು ಐದೂವರೆ ಟನ್ ಆಗುತ್ತದೆ, ಹಸಿಯಾಗಿದ್ದರೆ ಇನ್ನೂ ಹೆಚ್ಚು. ಫರಸಿ ಕಲ್ಲನ್ನು ಒತ್ತಾಗಿ ಜೋಡಿಸಿದರೆ ಎಂಟು ಟನ್ನಿನ ಹತ್ತಿರ ಹೋಗುತ್ತದೆ. ಆದ್ದರಿಂದ ಇಂಥ ಟ್ರೇಲರಿನಲ್ಲಿ ಮಣ್ಣನ್ನು ತಳದಿಂದ ಒಂದು ಅಡಿಗೆ, ಕಲ್ಲನ್ನು ಎಂಟು ಅಂಗುಲಕ್ಕೆ ನಿಲ್ಲಿಸಬೇಕು. ಒಳಗೋಡೆಗೆ ಈ ಎರಡು ಗುರುತುಗಳನ್ನು ಬಣ್ಣದಿಂದ ಬರೆದಿಟ್ಟರೆ ಹೇರುವ ಆಳುಗಳಿಗೂ ತಿಳಿಯುತ್ತದೆ.

ಹೇರು ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಎರಡು ಗಾಲಿಯ ಟ್ರೇಲರಿನಲ್ಲಿ ಭಾರವೆಲ್ಲ ಮುಂದೆ ಬಿದ್ದರೆ ಡ್ರಾಬಾರು ಬಾಗುತ್ತದೆ. ಹಿಂದೆ ಬಿದ್ದರೆ ಹುಕ್ಕು ಮೇಲಕ್ಕೆ ಎಳೆದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಭಾರ ಎಕ್ಸೆಲಿನ ನೇರದಿಂದ ಸ್ವಲ್ಪವೇ ಮುಂದೆ ಇರಬೇಕು.

ಮೂರನೆಯದು ತುಕ್ಕು. ರಸಗೊಬ್ಬರ ಸಾಗಿಸಿದ ಮೇಲೆ ಚೆಲ್ಲಿದ ಹರಳುಗಳು ಮೂಲೆಗಳಲ್ಲಿ ಉಳಿಯುತ್ತವೆ. ಯೂರಿಯಾ, ಅದಕ್ಕಿಂತಲೂ ಮ್ಯುರಿಯೇಟ್ ಆಫ್ ಪೊಟ್ಯಾಷ್, ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ತಿಪ್ಪೆ ಗೊಬ್ಬರವೂ ಹಾಗೆಯೇ. ಗೊಬ್ಬರ ಸಾಗಿಸಿದ ದಿನವೇ ಟ್ರೇಲರನ್ನು ತೊಳೆದು ಒಣಗಿಸಿರಿ.

ಎಲ್ಲಿ ನೋಡಬೇಕು, ಹೇಗೆ ನೋಡಬೇಕು?

ಬಂಡಿಗೆ ಮೂಕಿ ಇದ್ದಂತೆ ಟ್ರೇಲರಿಗೆ ಡ್ರಾಬಾರು. ಅದು ಚೌಕಟ್ಟನ್ನು ಸೇರುವ ಕುತ್ತಿಗೆಯನ್ನು ಎಲ್ಲಕ್ಕಿಂತ ಮೊದಲು ನೋಡಿರಿ. ಅನಂತರ ಹುಕ್ಕಿನ ಬಳೆ, ಪಾಟಾ ಕೂರುವ ಬ್ರಾಕೆಟ್‌ಗಳು, ಅಡ್ಡ ಚಾನೆಲ್‌ಗಳ ಮೂಲೆ, ಎತ್ತಿ ಸುರಿಯುವ ಟ್ರೇಲರಾದರೆ ಜ್ಯಾಕು ಕೂತ ಜಾಗ ಮತ್ತು ಹಿಂದಿನ ಕೀಲುಗಳು, ಕೊನೆಗೆ ಗಾಲಿಯ ಡಿಸ್ಕಿನಲ್ಲಿ ನಟ್ಟಿನ ತೂತುಗಳ ಸುತ್ತ.

ವಾಡಿ, ಸೇಡಂ ರಸ್ತೆಗಳಲ್ಲಿ ಸಿಮೆಂಟ್ ಹೊತ್ತು ಹೋಗುವ ಉದ್ದನೆಯ ವಾಹನಗಳನ್ನು ನೀವು ನೋಡಿದ್ದೀರಿ. ಎಳೆಯುವ ಮುಂಭಾಗ, ಹೊರುವ ಹಿಂಭಾಗ ಎರಡೂ ಕೂಡುವ ದುಂಡನೆಯ ತಟ್ಟೆಗೆ 'ಫಿಫ್ತ್ ವ್ಹೀಲ್', ಅಂದರೆ ಐದನೆಯ ಗಾಲಿ ಎನ್ನುತ್ತಾರೆ. ನಮ್ಮ ನಾಲ್ಕು ಗಾಲಿಯ ಟ್ರೇಲರಿನ ಮುಂದಿನ ತಿರುಗುವ ತಟ್ಟೆ ಅದರ ತಮ್ಮನಿದ್ದಂತೆ. ಮುಂಭಾಗದ ಭಾರ, ಎಳೆತ, ತಿರುವು ಎಲ್ಲವೂ ಅಲ್ಲಿಯೇ ಕೂಡುತ್ತವೆ. ಅದರ ಬೋಲ್ಟುಗಳು ಸಡಿಲವಾದರೆ ಸುತ್ತಲಿನ ಚೌಕಟ್ಟು ಬಿರಿಯುತ್ತದೆ. ಬೋಲ್ಟುಗಳನ್ನು ಆಗಾಗ್ಗೆ ಬಿಗಿ ಮಾಡಿ ಗ್ರೀಸ್ ಹಾಕುತ್ತಿರಬೇಕು.

ಬಣ್ಣದಲ್ಲಿ ಕೂದಲಿನಂಥ ಗೆರೆ, ಅದರಿಂದ ಇಳಿದ ಕೆಂಪು ತುಕ್ಕಿನ ನೀರು, ಸರಿಯಾಗಿ ಕೂಡದ ಬಾಗಿಲು, ಒಂದೇ ಕಡೆ ಸವೆಯುವ ಟಾಯರು, ಇವೆಲ್ಲ ಬಿರುಕಿನ ಸೂಚನೆಗಳು. ಸಂಶಯ ಬಂದರೆ ಆ ಜಾಗವನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ಸೀಮೆಎಣ್ಣೆ ಹಚ್ಚಿರಿ. ಕಾಲು ತಾಸು ಬಿಟ್ಟು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಮತ್ತೆ ಹೊರಬಂದು ಬಿಳಿಯ ಮೇಲೆ ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಎರಡೂ ತುದಿಗಳನ್ನು ಗುರುತು ಮಾಡಿರಿ.

ದುರಸ್ತಿಯ ಕ್ರಮ

ನಮ್ಮ ಟ್ರೇಲರಿನ ದುರಸ್ತಿಯಲ್ಲಿ ಆದ ತಪ್ಪು ಇಷ್ಟೇ. ಬಿರುಕಿನ ಮೇಲೆ ವೆಲ್ಡಿಂಗ್ ಎಳೆದರು, ಒಳಗಿನ ಬಿರುಕು ಹಾಗೆಯೇ ಉಳಿಯಿತು. ನೆಟೆರೋಗ ಬಂದ ತೊಗರಿಯ ಎಲೆಗೆ ಔಷಧ ಹೊಡೆದಂತೆ ಇದು. ರೋಗ ಮಣ್ಣಿನಿಂದ ಬೇರಿಗೆ ಬಂದು ಕಾಂಡದೊಳಗೆ ಏರಿರುತ್ತದೆ. ಅದಕ್ಕೇ ನಾವು ಬೆಳೆ ಬದಲಿಸಿರಿ, ಟಿ.ಎಸ್. 3ಆರ್‌ನಂಥ ರೋಗ ತಾಳುವ ತಳಿ ಬಿತ್ತಿರಿ ಎಂದು ಹೇಳುತ್ತೇವೆ. ಬಿರುಕಿನಲ್ಲಿಯೂ ಬೇರಿಗೇ ಹೋಗಬೇಕು.

ಒಂದು: ಟ್ರೇಲರನ್ನು ಖಾಲಿ ಮಾಡಿ, ಟ್ರ್ಯಾಕ್ಟರಿನಿಂದ ಬಿಡಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು, ಚೌಕಟ್ಟನ್ನು ಗಟ್ಟಿ ದಿಮ್ಮಿಗಳ ಮೇಲೆ ಸಮವಾಗಿ ನಿಲ್ಲಿಸಿರಿ. ಬರೇ ಜ್ಯಾಕಿನ ಮೇಲೆ ನಿಂತ ಟ್ರೇಲರಿನ ಕೆಳಗೆ ಯಾರೂ ಹೋಗಬಾರದು. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಅಳತೆ ಬೇರೆಯಾದರೆ ಚೌಕಟ್ಟು ಸೊಟ್ಟಗಾಗಿದೆ ಎಂದು ಅರ್ಥ. ಅದನ್ನು ನೇರ ಮಾಡಿದ ಮೇಲೆಯೇ ಬೆಸುಗೆ ಹಾಕಿಸಬೇಕು.

ಎರಡು: ಬಿರುಕಿನ ಪ್ರತಿ ತುದಿಯಿಂದ ತುಸು ಮುಂದೆ ಸುಮಾರು 6 ಮಿಲಿಮೀಟರ್ ತೂತು ಕೊರೆಸಿರಿ. ಬಿರುಕಿನ ನಿಜವಾದ ತುದಿ ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಮುಂದೆ ಇರುತ್ತದೆ. ಚೂಪಾದ ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದು ನಿಲ್ಲುತ್ತದೆ.

ಮೂರು: ಗ್ರೈಂಡರಿನಿಂದ ಬಿರುಕಿನ ಉದ್ದಕ್ಕೂ ನೇಗಿಲ ಸಾಲಿನಂತೆ ಮೇಲೆ ಅಗಲ, ಕೆಳಗೆ ಕಿರಿದಾದ ಸಾಲು ತೆಗೆಸಿರಿ. ಬಿರುಕು ಪೂರ್ತಿ ಕಾಣದಾಗುವ ತನಕ ಆಳಕ್ಕೆ ಹೋಗಬೇಕು. ಬಣ್ಣ, ತುಕ್ಕು, ಎಣ್ಣೆ ಏನೂ ಉಳಿಯಬಾರದು.

ನಾಲ್ಕು: ಬುಡದಿಂದ ಪದರ ಪದರವಾಗಿ ಬೆಸುಗೆ ತುಂಬಬೇಕು. ಪ್ರತಿ ಪದರದ ಮೇಲಿನ ಕಿಟ್ಟವನ್ನು ಬಡಿದು ತೆಗೆದೇ ಮುಂದಿನದನ್ನು ಹಾಕಬೇಕು. ಸಾಧಾರಣ ಕೆಲಸಕ್ಕೆ ಬಳಸುವ 6013 ಕಡ್ಡಿ ಆಳಕ್ಕೆ ಇಳಿಯುವುದು ಕಡಿಮೆ. ಡ್ರಾಬಾರಿನಂಥ ಭಾರ ಹೊರುವ ಭಾಗಕ್ಕೆ 7018 ಕಡ್ಡಿ ಒಳ್ಳೆಯದು. ಆದರೆ ಅದು ಪೂರ್ತಿ ಒಣಗಿರಬೇಕು, ತೇವ ಹಿಡಿದ ಕಡ್ಡಿಯಿಂದ ಬೆಸುಗೆಯಲ್ಲಿಯೇ ಬಿರುಕು ಹುಟ್ಟುತ್ತದೆ. ಸಾಧ್ಯವಿದ್ದಲ್ಲಿ ಹಿಂಬದಿಯಿಂದಲೂ ಬೆಸುಗೆ ಹಾಕಿಸಿರಿ. ಬಿಸಿ ಬೆಸುಗೆಯ ಮೇಲೆ ನೀರು ಸುರಿಯಗೊಡಬೇಡಿರಿ. ತಾನಾಗಿ ಆರಲಿ. ಆರಿದ ಮೇಲೆ ಉಬ್ಬನ್ನು ಉಜ್ಜಿಸಿ ಮಟ್ಟ ಮಾಡಿಸಿರಿ.

ಐದು: ಮೇಲೆ ಆಸರೆಯ ಪಟ್ಟಿ ಕೊಡಿಸಿರಿ. ಪಟ್ಟಿಯ ದಪ್ಪ ಮೂಲ ಚಾನೆಲಿಗಿಂತ ಹೆಚ್ಚಿರಬಾರದು. ಬಿರುಕಿನ ಎರಡೂ ಕಡೆ ಕನಿಷ್ಠ ಚಾನೆಲಿನ ಎತ್ತರದಷ್ಟು ಚಾಚಿರಬೇಕು. ತುದಿಗಳು ಚೌಕಾಗಿರದೆ ಶಂಕರಪೋಳಿಯಂತೆ ಓರೆಯಾಗಿರಲಿ. ಚೌಕ ಪಟ್ಟಿಯ ಕೊನೆಗೆ ಅಡ್ಡಲಾಗಿ ಎಳೆದ ಬೆಸುಗೆಯೇ ಮುಂದಿನ ಬಿರುಕಿನ ತವರಾಗುತ್ತದೆ. ಕೊನೆಗೆ ತುಕ್ಕು ತಡೆಯುವ ಬಣ್ಣ ಬಳಿಯಿರಿ.

ಬೆಸುಗೆ ಹಾಕಬಾರದ ಭಾಗಗಳು

ಪಾಟಾ ಎಲೆ, ಹುಕ್ಕಿನ ಬಳೆ, ಪಿನ್ನು ಮತ್ತು ಎಕ್ಸೆಲುಗಳ ಉಕ್ಕು ಬೇರೆ ಜಾತಿಯದು. ಬೆಸುಗೆಯ ಬಿಸಿಗೆ ಅದು ಗಾಜಿನಂತೆ ಪೆಡಸಾಗುತ್ತದೆ. ಬಿರುಕು ಕಂಡರೆ ಇವನ್ನು ಬದಲಿಸುವುದೊಂದೇ ದಾರಿ. ಗಾಲಿಯ ಡಿಸ್ಕಿಗೂ ಇದೇ ನಿಯಮ. ಟಾಯರು ಕೂತಿರುವಾಗ ಅದಕ್ಕೆ ಬೆಸುಗೆ ಹಾಕಿಸುವುದಂತೂ ಜೀವಕ್ಕೇ ಅಪಾಯ. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರು ಕಾದು ಅನಿಲ ಹುಟ್ಟಿ ಟಾಯರು ಸಿಡಿಯಬಹುದು.

ಯಾವುದೇ ಕಾರಣದಿಂದ ಟ್ರ್ಯಾಕ್ಟರನ್ನು ಬಿಡಿಸದೆ ಬೆಸುಗೆ ಹಾಕಿಸುವ ಪ್ರಸಂಗ ಬಂದರೆ ಬ್ಯಾಟರಿಯ ತಂತಿ ತೆಗೆಯಿರಿ. ಅರ್ಥಿಂಗಿನ ಚಿಮಟವನ್ನು ಬೆಸುಗೆಯ ಹತ್ತಿರವೇ ಹಾಕಿಸಿರಿ. ದೂರ ಹಾಕಿದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವು ಕೆಡುತ್ತವೆ. ಕಣಿಕೆ, ಹೊಟ್ಟು, ತೊಗರಿ ಕಟ್ಟಿಗೆ ಹತ್ತಿರವಿಲ್ಲದಂತೆ ನೋಡಿಕೊಂಡು ಪಕ್ಕದಲ್ಲಿ ಎರಡು ಕೊಡ ನೀರು ಇಟ್ಟಿರಿ.

ಅಂಗಡಿಯಲ್ಲಿ ತೂತು ಕೊರೆಯಿರಿ, ಸಾಲು ತೆಗೆಯಿರಿ ಎಂದರೆ 'ಇಷ್ಟಕ್ಕೆ ಯಾಕ್ರೀ ಅದೆಲ್ಲಾ' ಎನ್ನಬಹುದು. ಹೆಚ್ಚಿನ ಕೂಲಿ ಕೊಟ್ಟು ಮಾಡಿಸಿರಿ, ಮುಗಿಯುವ ತನಕ ಪಕ್ಕದಲ್ಲಿ ನಿಂತು ನೋಡಿರಿ. ಇಷ್ಟಾದ ಮೇಲೂ ಅದೇ ಜಾಗ ಬಿಟ್ಟರೆ ಮತ್ತೆ ಬೆಸುಗೆ ಬೇಡ. ಹೇರು ಹೆಚ್ಚಾಗಿದೆ, ಇಲ್ಲವೆ ಚಾನೆಲ್ ಸಣ್ಣದಿದೆ, ಇಲ್ಲವೆ ತುಕ್ಕಿನಿಂದ ತೆಳುವಾಗಿದೆ. ಆ ಭಾಗವನ್ನೇ ಕತ್ತರಿಸಿ ಹೊಸದು ಹಾಕಿಸಿರಿ.

ಕೊನೆಯ ಮಾತು

ಡ್ರಾಬಾರಿನ ಜೊತೆಗೆ ಟ್ರೇಲರಿನ ಚೌಕಟ್ಟಿನಿಂದ ಟ್ರ್ಯಾಕ್ಟರಿಗೆ ಒಂದು ಗಟ್ಟಿ ಸರಪಳಿ ಕಟ್ಟಿರಿ. ಸರಪಳಿಯ ಕೊನೆ ಡ್ರಾಬಾರಿಗಲ್ಲ, ಚೌಕಟ್ಟಿಗೇ ಬಿಗಿದಿರಬೇಕು. ಡ್ರಾಬಾರು ಕಡಿದರೂ ಟ್ರೇಲರು ಬಿಟ್ಟು ಓಡಿಹೋಗದಂತೆ ಅದು ಹಿಡಿಯಬಲ್ಲದು. ಟ್ರೇಲರು ಸರಕಿಗಾಗಿ ಇರುವ ವಾಹನ. ಹೇರಿನ ಮೇಲೆ ಜನರನ್ನು ಕೂರಿಸಬೇಡಿರಿ. ಕೂಲಿಯವರಿಗೆ ಬೇರೆ ವಾಹನದ ವ್ಯವಸ್ಥೆ ಮಾಡಿರಿ. ಬಿರುಕು ಕಂಡ ಟ್ರೇಲರು ದುರಸ್ತಿಯಾಗುವ ತನಕ ಖಾಲಿಯೇ ನಿಲ್ಲಲಿ. ಸುಗ್ಗಿಯ ಅವಸರದಲ್ಲಿ ಇದು ಕಷ್ಟವೆಂದು ನನಗೂ ಗೊತ್ತು. ಅದಕ್ಕಾಗಿಯೇ ಈ ಪರೀಕ್ಷೆಯನ್ನು ದೀಪಾವಳಿಯ ಸುಮಾರಿಗೆ, ತೊಗರಿ ಹೂ ಕಾಯಿ ಹಿಡಿಯುವ ಬಿಡುವಿನಲ್ಲಿ, ಮಾಡಿಕೊಳ್ಳಿರಿ. ಅರ್ಧ ದಿನದ ಕೆಲಸ.

ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆ, ಸೀಮೆಸುಣ್ಣದ ಪರೀಕ್ಷೆಯನ್ನು ಒಂದು ಟ್ರೇಲರಿನ ಮೇಲೆ ಮಾಡಿ ತೋರಿಸಬೇಕೆಂದು ಕೋರುತ್ತೇನೆ. ಊರಿನ ವೆಲ್ಡಿಂಗ್ ಕೆಲಸದವರನ್ನೂ ಅಲ್ಲಿಗೆ ಕರೆಯಿರಿ. ಹೆಚ್ಚಿನ ವಿವರ ಬೇಕಾದವರು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ರಾಯಚೂರಿನ ಕೃಷಿ ತಾಂತ್ರಿಕ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.

ನಮ್ಮ ಮನೆಯ ಟ್ರೇಲರಿಗೆ ಹೊಸ ಡ್ರಾಬಾರು ಹಾಕಿಸಿದೆವು. ಒಳಗೋಡೆಗೆ ಮಣ್ಣಿನ ಗೆರೆ, ಕಲ್ಲಿನ ಗೆರೆ ಎರಡನ್ನೂ ಬರೆಸಿದೆವು. ಅದು ಈಗಲೂ ನಡೆಯುತ್ತಿದೆ. ಕೂಲಿಯ ಹೆಣ್ಣುಮಕ್ಕಳು ಮಾತ್ರ ಅದರ ಮೇಲೆ ಹತ್ತುವುದಿಲ್ಲ, ನಾವೂ ಹತ್ತಗೊಡುವುದಿಲ್ಲ.