ಪಿಯುಸಿ ಮುಗಿಸುವ ಮಕ್ಕಳೂ ನಾವೂ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪೋಷಕರ ಸಭೆಯಲ್ಲಿ, ಧರ್ಮಕೇಂದ್ರದ ಶಿಕ್ಷಕರ ಪರವಾಗಿ ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ವಿದ್ಯಾಸೇವೆಯ ಇತಿಹಾಸವನ್ನು ಕುರಿತು ಮಾತನಾಡಬೇಕೆಂದು ನಮಗೆ ಸೂಚನೆ ಬಂದಿತ್ತು. ಇತಿಹಾಸವನ್ನು ಹೇಳಲು ನಮಗಿಂತ ಹಿರಿಯರೂ ಬಲ್ಲವರೂ ಇದ್ದಾರೆ. ಆದ್ದರಿಂದ ಅವರ ಅಪ್ಪಣೆ ಪಡೆದು, ಬರುವ ಬೇಸಗೆಯಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಕಾಲೇಜಿನ ಬಾಗಿಲ ಮುಂದೆ ನಿಲ್ಲಲಿರುವ ನಮ್ಮ ಮಕ್ಕಳ ವಿಷಯವನ್ನು ಆರಿಸಿಕೊಂಡಿದ್ದೇವೆ. ಇತಿಹಾಸದ ಬಗ್ಗೆ ಒಂದೆರಡು ಮಾತು ಸಾಕು. ಈ ದೇವಾಲಯಕ್ಕೆ ತಳಪಾಯ ಹಾಕಿದ ಕಾಲಕ್ಕೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಿಂದಲೂ, ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆ 1882ರಿಂದಲೂ ನಡೆಯುತ್ತಿದ್ದವು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾಗಿತ್ತು. ಹೆಣ್ಣುಮಕ್ಕಳಿಗೆಂದು ಮಂಗಳೂರಿನ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಬಾಗಿಲು ತೆರೆದಿತ್ತು. ಕಾಲೇಜುಗಳು ಇದ್ದವು, ನಮ್ಮೂರಿನಿಂದ ಅಲ್ಲಿಗೆ ಹೋಗುವವರು ಇರಲಿಲ್ಲ. ಇಂದು ಹೋಗುವವರಿದ್ದಾರೆ. ಆದರೆ ಹೋಗುವ ದಾರಿ ಎಷ್ಟು ಸಿಕ್ಕುಸಿಕ್ಕಾಗಿದೆ ಎಂಬುದು, ಮನೆಯಲ್ಲಿ ಈ ಮೊದಲು ಯಾರೂ ಕಾಲೇಜು ಕಾಣದ ಸಂಸಾರಗಳಿಗೆ ಪರೀಕ್ಷೆ ಹತ್ತಿರ ಬರುವವರೆಗೂ ತಿಳಿಯುವುದಿಲ್ಲ.

ಕೆಲವು ವರ್ಷಗಳಿಂದ ನಾವು, ಈ ಧರ್ಮಕೇಂದ್ರದ ಕೆಲವು ಶಿಕ್ಷಕರು, ಭಾನುವಾರ ಎರಡನೆಯ ಪೂಜೆಯಾದ ಮೇಲೆ ದೇವಾಲಯದ ಪಕ್ಕದ ಕೊಠಡಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದೇವೆ. ಮಕ್ಕಳಿಗೆ ಪಾಠ ಹೇಳುವುದು ಅದರ ಉದ್ದೇಶವಲ್ಲ. ಪಾಠಕ್ಕೆ ಅವರವರ ಕಾಲೇಜುಗಳಿವೆ. ಅರ್ಜಿ ತುಂಬುವುದು, ಪತ್ರಗಳನ್ನು ಹೊಂದಿಸುವುದು, ಯಾವ ದಿನಾಂಕದೊಳಗೆ ಏನು ಮಾಡಬೇಕೆಂದು ನೆನಪಿಸುವುದು ಇಷ್ಟೇ ನಮ್ಮ ಕೆಲಸ. ಕೇಳಲು ಇದು ಗುಮಾಸ್ತನ ಕೆಲಸ. ಆದರೆ ಒಳ್ಳೆಯ ಅಂಕ ಪಡೆದ ಮಗು ಸಹ ಈ ಗುಮಾಸ್ತಗಿರಿಯಲ್ಲಿ ಎಡವಿ ಒಂದು ವರ್ಷ ಕಳೆದುಕೊಳ್ಳುವುದನ್ನು ನಾವು ಕಂಡಿದ್ದೇವೆ.

ಮೊದಲನೆಯದಾಗಿ ಹೆಸರು. ನಮ್ಮ ಜನರ ಹೆಸರುಗಳ ಸೊಗಸನ್ನು ತಾವೆಲ್ಲರೂ ಬಲ್ಲಿರಿ. ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆ ಕ್ಸೇವಿಯರ್, ಊರಿನವರ ಬಾಯಲ್ಲಿ ಚೌರಪ್ಪ, ಪಡಿತರ ಚೀಟಿಯಲ್ಲಿ ಸವರಿಯಪ್ಪ. ಅಜ್ಜ ಇಗ್ನೇಷಿಯಸ್, ಪಹಣಿಯಲ್ಲಿ ಇನ್ನಾಸಪ್ಪ. ರಾಯಪ್ಪನೆಂದರೆ ಪೇತ್ರ, ಚಿನ್ನಪ್ಪನೆಂದರೆ ಪೌಲ ಎಂಬುದು ನಮಗೆ ಗೊತ್ತು. ಸರ್ಕಾರದ ಗಣಕಯಂತ್ರಕ್ಕೆ ಗೊತ್ತಿಲ್ಲ. ಅದು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತದೆ; ಹೊಂದದಿದ್ದರೆ ಅವರು ಬೇರೆ ಮನುಷ್ಯರೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಒಂದು, ಆಧಾರಿನ ಹೆಸರು ಇನ್ನೊಂದು, ಜಾತಿ ಪ್ರಮಾಣಪತ್ರದ ಹೆಸರು ಮತ್ತೊಂದು ಆದಾಗ ಸಿಕ್ಕಬೇಕಾದ ವಿದ್ಯಾರ್ಥಿವೇತನವೂ ನಿಂತುಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದೇ ಮುಂದಿನ ಎಲ್ಲ ದಾಖಲೆಗಳಿಗೂ ಆಧಾರವಾಗುವುದರಿಂದ, ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಶಾಲೆಗೆ ಹೋಗಿ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ ಮೂರನ್ನೂ ನೋಡಿ ಸರಿಪಡಿಸಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದು ಬಹು ತ್ರಾಸದ ಕೆಲಸ. ಜನ್ಮದಿನಾಂಕವಾದರೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾದೀತು. ಒಂದು ಕಾಲಕ್ಕೆ ನಮ್ಮ ದೇವಾಲಯದ ದೀಕ್ಷಾಸ್ನಾನದ ಪುಸ್ತಕವೇ ಹುಟ್ಟಿಗೆ ಸಾಕ್ಷಿಯಾಗಿತ್ತು. 1969ರ ಜನನ ಮರಣ ನೋಂದಣಿ ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ, 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಎಲ್ಲಕ್ಕೂ ಸರ್ಕಾರದ ಜನನ ಪತ್ರವೇ ಪ್ರಮಾಣ. ಆದಕಾರಣ ದೀಕ್ಷಾಸ್ನಾನಕ್ಕೆ ಮಗುವನ್ನು ತರುವಾಗಲೇ ಜನನ ಪತ್ರವನ್ನೂ ತಂದು, ಎರಡರಲ್ಲೂ ಒಂದೇ ಹೆಸರು ಬರೆಸುವುದು ಜಾಣತನ. ಸ್ವಾಮಿಗಳು ಇದನ್ನು ಪೂಜೆಯ ಪ್ರಕಟಣೆಗಳಲ್ಲಿ ಆಗಾಗ ಹೇಳಬೇಕೆಂದು ಪ್ರಾರ್ಥಿಸುತ್ತೇವೆ.

ಎರಡನೆಯದು ಮೀಸಲಾತಿಯ ಪತ್ರ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿಯೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿಯೂ ಇದ್ದಾರೆ. ಇದನ್ನು ಹೇಳಿಕೊಳ್ಳಲು ಕೆಲವರು ಸಂಕೋಚಪಡುತ್ತಾರೆ. ಯಾಕೆ ಸಂಕೋಚವೋ ನಮಗೆ ತಿಳಿಯದು. ಹಾಗೆಯೇ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿಪರ ಶಿಕ್ಷಣದಲ್ಲಿ ಶೇಕಡಾ 5ರಷ್ಟು, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15ರಷ್ಟು ಸ್ಥಾನಗಳಿವೆ. "ಕನ್ನಡ ಶಾಲೆಯಲ್ಲಿ ಓದಿದ್ದು ಬರೆದರೆ ದಡ್ಡನೆಂದುಕೊಳ್ಳುವುದಿಲ್ಲವೇ ಸಾರ್?" ಎಂದು ಒಬ್ಬ ತಂದೆ ನಮ್ಮನ್ನು ಕೇಳಿದರು. ಆ ಹುಡುಗ ಓದಿದ್ದು ನಮ್ಮ ಧರ್ಮಕೇಂದ್ರದ ಕನ್ನಡ ಶಾಲೆಯಲ್ಲಿ! ಅವರಿಗೆ ನಾವು ಹೇಳಿದೆವು: ಬರೆಯದಿದ್ದರೆ ಮಾತ್ರ ದಡ್ಡತನ. ನಾಡಕಚೇರಿಯ ಪತ್ರಗಳನ್ನು ಪರೀಕ್ಷೆಯ ಗಲಾಟೆಗೆ ಮೊದಲೇ, ದಸರಾ ರಜೆಯಲ್ಲಿಯೇ ಮಾಡಿಸಿಡಬೇಕು. ಹಳೆಯ ಪತ್ರ ಮನೆಯಲ್ಲಿದೆಯೆಂದು ಸುಮ್ಮನಿರಬೇಡಿ. ವರಮಾನದ ಪತ್ರಕ್ಕೆ ಅವಧಿಯುಂಟು.

ಇನ್ನೊಂದು ವಿಷಯ ಸಣ್ಣದೆನಿಸೀತು. ಅರ್ಜಿ ತುಂಬಲು ಪೇಟೆಯ ಸೈಬರ್ ಅಂಗಡಿಗೆ ಹೋದಾಗ, ಮನೆಯಲ್ಲಿ ಸರಿಯಾದ ದೂರವಾಣಿ ಇಲ್ಲವೆಂದು ಅಂಗಡಿಯವನ ಸಂಖ್ಯೆಯನ್ನೇ ಕೊಟ್ಟು ಬರುವ ರೂಢಿಯಿದೆ. ಅಂಥ ಒಬ್ಬ ಹುಡುಗಿಗೆ ಕಾಲೇಜುಗಳ ಆಯ್ಕೆ ನಮೂದಿಸುವ ಕೊನೆಯ ದಿನ ಗುಪ್ತಸಂಖ್ಯೆ ಅಂಗಡಿಯವನ ದೂರವಾಣಿಗೆ ಹೋಯಿತು. ಆತ ಅಂದು ಮದುವೆಗೆಂದು ಪರವೂರಿನಲ್ಲಿ. ಸಂಜೆಯವರೆಗೆ ತಾಯಿ ಮಗಳು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ರಾತ್ರಿ ಹೇಗೋ ಆತನನ್ನು ಹಿಡಿದು ಕೆಲಸ ಮುಗಿಸಿದರು. ಇಂದು ಆಕೆ ಶುಶ್ರೂಷಾ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಆದರೆ ಆ ಸಂಜೆಯ ತಾಯಿಯ ಮುಖವನ್ನು ಕಂಡವರಿಗೆ ದೂರವಾಣಿ ಸಂಖ್ಯೆ ಸಣ್ಣ ವಿಷಯವೆನಿಸದು. ಸಂಖ್ಯೆ ಮನೆಯದೇ ಇರಲಿ. ಕೋರ್ಸಿಗೆ ಸೇರುವ ತನಕ ಅದನ್ನು ಬದಲಿಸಬೇಡಿ.

ಈಗ ಪರೀಕ್ಷೆಯ ಮಾತು. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಎಂಜಿನಿಯರಿಂಗಿಗೆ ಹೋಗಬಯಸುವ ಮಕ್ಕಳು ಸಿಇಟಿಯೊಂದೇ ಸರ್ವಸ್ವವೆಂದು ತಿಳಿದು, ತರಬೇತಿ ಕೇಂದ್ರಗಳಿಗೆ ಹಣ ಸುರಿದು, ವಾರ್ಷಿಕ ಪರೀಕ್ಷೆಯನ್ನು ಕಡೆಗಣಿಸುತ್ತಾರೆ. ವಾಸ್ತವದಲ್ಲಿ ರ‍್ಯಾಂಕ್ ನಿರ್ಧಾರವಾಗುವುದು ಸಿಇಟಿಯ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕ ಅರ್ಧ ಸೇರಿ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ತಪ್ಪಿದರೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ವೈದ್ಯಕೀಯದ ನೀಟ್ ಪರೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಬರೆಯುವ ಮಗು ಈ ವ್ಯತ್ಯಾಸವನ್ನು ಮರೆಯಬಾರದು. ಈ ಪರೀಕ್ಷೆಗಳೆಲ್ಲ ನಮ್ಮ ತಪಸ್ಸುಕಾಲದ ಸುತ್ತಮುತ್ತಲೇ ಬರುತ್ತವೆ. 2025ರಲ್ಲಿ ಸಿಇಟಿ ನಡೆದದ್ದು ಏಪ್ರಿಲ್ 16 ಮತ್ತು 17ರಂದು. 17 ಪವಿತ್ರ ಗುರುವಾರವಾಗಿತ್ತು. ಅಂದು ಸಂಜೆ ಪೂಜೆಗೆ ಬಂದ ಮಕ್ಕಳು ಸುಸ್ತಾಗಿ ಬೆಂಚಿನ ಮೇಲೆಯೇ ತೂಕಡಿಸಿದರೆ ಯಾರೂ ಅವರನ್ನು ಗದರಿಸಬೇಕಾಗಿರಲಿಲ್ಲ.

ನಮ್ಮ ಮನಸ್ಸಿಗೆ ಹೆಚ್ಚು ಕಾಡುವ ವಿಷಯ ಬೇರೆ. 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ಉತ್ತೀರ್ಣರಾದವರು ಶೇಕಡಾ 73.45. ವಿಜ್ಞಾನದಲ್ಲಿ ಶೇಕಡಾ 82.45, ವಾಣಿಜ್ಯದಲ್ಲಿ 76.07, ಕಲೆಯಲ್ಲಿ ಕೇವಲ 53.29. ಕಲಾ ವಿಭಾಗದಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ಬಿದ್ದರೆಂದಾಯಿತು. ನಮ್ಮ ಹಳ್ಳಿಗಳ ಕೂಲಿಯವರ ಮಕ್ಕಳು ಹೆಚ್ಚಾಗಿ ಇರುವುದು ಅಲ್ಲಿಯೇ. ಅವರಿಗೆ ತರಬೇತಿ ಕೇಂದ್ರವಿಲ್ಲ, ಸಿಇಟಿಯ ಸಡಗರವಿಲ್ಲ, ನೆರೆಯವರ ವಿಚಾರಣೆಯೂ ಇಲ್ಲ. ನಮ್ಮ ಮೇಜಿನ ಬಳಿಗೂ ಅವರು ಬರುವುದು ಕಡಮೆ. ಬಿದ್ದ ಮಗುವಿಗೆ ತಿಳಿಸಬೇಕಾದದ್ದು ಇದು: 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಬಂದಿತ್ತು. ಬಿದ್ದ ವಿಷಯವನ್ನು ಮತ್ತೆ ಬರೆಯಬಹುದು. ಗೆದ್ದವರೂ ಹೆಚ್ಚಿನ ಅಂಕಕ್ಕಾಗಿ ಬರೆಯಬಹುದು. ಯಾವುದು ಹೆಚ್ಚೋ ಅದು ಉಳಿಯುತ್ತದೆ. 2025ರಲ್ಲಿ ಎರಡನೆಯದು ಏಪ್ರಿಲ್ ಕೊನೆಯಲ್ಲಿ ಆರಂಭವಾಯಿತು, ಮೂರನೆಯದು ಜೂನ್‌ನಲ್ಲಿ ನಡೆಯಿತು. ಫಲಿತಾಂಶದ ದಿನ ಮನೆಯಲ್ಲಿ ದೊಡ್ಡವರು ಏನು ಮಾತನಾಡುತ್ತಾರೆ ಎಂಬುದರ ಮೇಲೆ ಬಹಳವಿದೆ. ತಂದೆಯರೇ, ಅಂದು ಕೆಲಸಕ್ಕೆ ಹೋಗಬೇಡಿ, ಅಥವಾ ಬೇಗ ಮನೆಗೆ ಬನ್ನಿ. ಮಗು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಂಟಿಯಾಗಿರಲು ಬಿಡಬೇಡಿ. ಚಿಕ್ಕಮ್ಮನ ಮಗನ ಅಂಕವನ್ನು ಎತ್ತಲೇಬೇಡಿ.

ಆಯ್ಕೆ ನಮೂದಿಸುವಾಗ ಬಹು ಜನ ತಮ್ಮ ರ‍್ಯಾಂಕಿಗೆ ಸಿಕ್ಕೀತೆಂದು ಊಹಿಸಿದ ಕಾಲೇಜನ್ನು ಮೊದಲು ಬರೆಯುತ್ತಾರೆ. ಹಾಗಲ್ಲ. ನಿಮಗೆ ಯಾವುದು ಅತ್ಯಂತ ಇಷ್ಟವೋ ಅದು ಮೊದಲು, ಅನಂತರದ ಇಷ್ಟ ಅನಂತರ. ಮೇಲಿನದು ಸಿಕ್ಕದಿದ್ದರೆ ಯಂತ್ರ ತಾನಾಗಿಯೇ ಕೆಳಗಿನದಕ್ಕೆ ಬರುತ್ತದೆ, ಆಸೆಪಟ್ಟದ್ದಕ್ಕೆ ದಂಡವಿಲ್ಲ. ಸ್ಥಾನ ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದು, ಒಪ್ಪಿಕೊಂಡು ಮುಂದಿನ ಸುತ್ತಿಗೂ ಕಾಯುವುದು, ತಿರಸ್ಕರಿಸಿ ಮುಂದಿನ ಸುತ್ತಿಗೆ ಹೋಗುವುದು, ಹೊರನಡೆಯುವುದು ಎಂಬ ನಾಲ್ಕು ದಾರಿಗಳುಂಟು. ಮೂರನೆಯದನ್ನು ಒತ್ತುವ ಮುನ್ನ ದಯವಿಟ್ಟು ಯಾರನ್ನಾದರೂ ಕೇಳಿ, ಕೈಯಲ್ಲಿದ್ದುದು ಹೋಗುತ್ತದೆ.

ಎಲ್ಲರೂ ಎಂಜಿನಿಯರೂ ವೈದ್ಯರೂ ಆಗಬೇಕಾಗಿಲ್ಲ. ಪದವಿ ಕಾಲೇಜಿಗೆ ಸೇರುವವರಿಗೆ ಒಂದು ತಿಳಿವಳಿಕೆ: 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ನಮ್ಮ ರಾಜ್ಯ ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಕೆಲವು ಖಾಸಗಿ ಕಾಲೇಜುಗಳು ಪಿಯುಸಿ ಪರೀಕ್ಷೆಗೂ ಮುಂಚೆಯೇ ಅರ್ಜಿ ಕರೆದು ಸಂದರ್ಶನ ನಡೆಸುತ್ತವೆ. ನಮ್ಮ ಮಕ್ಕಳು ಅಲ್ಲಿ ಇಂಗ್ಲಿಷಿಗೆ ಹೆದರಿ ಬಾಯಿ ತೆರೆಯುವುದಿಲ್ಲ. ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳಿಗಿಂತ, ರೇಷ್ಮೆ ಮನೆಯಲ್ಲಿ ಹುಳುವಿಗೆ ಸೊಪ್ಪು ಹಾಕಿ ಕಾಲೇಜಿಗೆ ಬರುತ್ತೇನೆಂದು ತಡವರಿಸುತ್ತ ಹೇಳುವ ಮಾತಿಗೆ ತೂಕ ಹೆಚ್ಚು. ನಾವು ಮೇಜಿನ ಆಚೆ ಕುಳಿತು ಇಂಥ ಸಂದರ್ಶನಗಳನ್ನು ಆಡಿಸಿ ನೋಡುತ್ತೇವೆ. ಮೊದಲ ವಾರ ನಗು, ಎರಡನೆಯ ವಾರ ಮಾತು.

ಹಣದ ವಿಷಯ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಒಂದೇ ಜಾಲತಾಣವಿದೆ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಬಾರದು. 'ಅರಿವು' ಸಾಲ ಯೋಜನೆಯನ್ನು ವೃತ್ತಿಪರ ಕೋರ್ಸಿಗೆ ಸೇರುವವರು ವಿಚಾರಿಸಬೇಕು. ಮನೆಯಲ್ಲಿ ಅಣ್ಣನನ್ನು ಓದಿಸಿ ತಂಗಿಯನ್ನು ಗಾರ್ಮೆಂಟ್ಸಿಗೆ ಕಳುಹಿಸುವ ಲೆಕ್ಕಾಚಾರ ನಡೆಯುವುದು ಈ ಹಣದ ಮಾತಿನಲ್ಲಿಯೇ. ಲೆಕ್ಕ ಹಾಕುವ ಮುನ್ನ ಒಮ್ಮೆ ನಮ್ಮ ಬಳಿ ಬನ್ನಿ. ಕನ್ಯಾಸ್ತ್ರೀಯರು ನಡೆಸುವ ವಿದ್ಯಾರ್ಥಿನಿಲಯಗಳ ವಿಳಾಸಗಳೂ ನಮ್ಮಲ್ಲಿವೆ.

ಕೊನೆಯದಾಗಿ, ಪಾಲನಾ ಪರಿಷತ್ತಿನ ಮುಂದೆ ಒಂದು ಬೇಡಿಕೆ. ಒಂದೇ ಕೋಣೆಯ ಮನೆಗಳಲ್ಲಿ, ದೂರದರ್ಶನದ ಸದ್ದಿನ ನಡುವೆ ಓದುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ರಾತ್ರಿ ಹತ್ತರವರೆಗೆ ಸಮುದಾಯ ಭವನವನ್ನು ತೆರೆದಿಡಬೇಕು. ಭವನದ ಬಾಡಿಗೆಯಿಂದ ದೇವಾಲಯದ ಖರ್ಚು ನಡೆಯುತ್ತದೆಂಬುದನ್ನು ನಾವು ಬಲ್ಲೆವು. ಆದರೆ ತಪಸ್ಸುಕಾಲದಲ್ಲಿ ನಮ್ಮವರ ಮದುವೆಗಳು ನಡೆಯುವುದಿಲ್ಲವಷ್ಟೇ. ಆಗ ಭವನ ಬಹುಪಾಲು ಬೀಗ ಹಾಕಿಕೊಂಡೇ ಇರುತ್ತದೆ. ಉಳಿದ ದಿನಗಳಲ್ಲಿ ಸಮಾರಂಭವಿದ್ದಾಗ ಮಕ್ಕಳು ಧರ್ಮೋಪದೇಶದ ಕೊಠಡಿಗಳಲ್ಲಿ ಕೂರಬಹುದು. ವಿದ್ಯುತ್ತಿನ ಖರ್ಚನ್ನು ಹೊರಲು ನಾವು ಶಿಕ್ಷಕರು ಸಿದ್ಧರಿದ್ದೇವೆ. ಕಾವಲಿಗೆ ಸರದಿಯಂತೆ ಇಬ್ಬಿಬ್ಬರು ಪೋಷಕರು ಬರಬೇಕು. ಹೆಣ್ಣುಮಕ್ಕಳನ್ನು ಮನೆ ತಲುಪಿಸುವ ಹೊಣೆಯೂ ಅವರದೇ. ಹೆಸರು ಕೊಡುವವರಿಗಾಗಿ ಪುಸ್ತಕವನ್ನು ಹೊರಬಾಗಿಲ ಬಳಿ ಇಟ್ಟಿದ್ದೇವೆ. ಬರುವ ಭಾನುವಾರ ಮೇಜಿಗೆ ಬರುವ ಮಕ್ಕಳು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ವರಮಾನದ ಪತ್ರ, ಬ್ಯಾಂಕ್ ಪುಸ್ತಕ ಇವುಗಳ ಮೂಲಪ್ರತಿಗಳನ್ನೇ ತರಬೇಕು. ತಂದೆ ಅಥವಾ ತಾಯಿ ಒಬ್ಬರಾದರೂ ಜೊತೆಯಲ್ಲಿ ಬರಲಿ.