ಎಂಟು ವಿಳಾಸ, ಐದು ಬಾಗಿಲು

ನಿಮ್ಮೂರ ಸೊಸೈಟಿ ಕಚೇರಿಗೆ ಎಂಟು ಸ್ಟ್ಯಾಟಿಕ್ ಐಪಿ ವಿಳಾಸಗಳ ಒಂದು ಕಂತೆ ತೆಗೆದುಕೊಂಡಿರಿ ಎನ್ನೋಣ. ಬಳಕೆಗೆ ಸಿಗುವುದು ಸಾಮಾನ್ಯವಾಗಿ ಐದೇ. ಇದು ಮೋಸವಲ್ಲ, ಲೆಕ್ಕ. ಮೊದಲನೆಯದು ಆ ಕಂತೆಯ ಗುರುತು. ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ. ಇನ್ನೊಂದು ಕಂಪನಿಯ ಗೇಟ್‌ವೇಗೆ.

ಐದರಲ್ಲಿ ಒಂದನ್ನು ರೌಟರಿನ ಹೊರಬದಿಗೆ, ಅಂದರೆ ವ್ಯಾನ್ ಎಂದಿರುವಲ್ಲಿ ತುಂಬಿರಿ. ಮಾಸ್ಕ್ 255.255.255.248. ಗೇಟ್‌ವೇ, ಡಿಎನ್‌ಎಸ್ ಅಂಕಿಗಳು ಕಂಪನಿ ಕೊಟ್ಟಂತೆಯೇ ಇರಲಿ. ಒಳಗಿನ ಕಂಪ್ಯೂಟರುಗಳು 192.168ರಿಂದ ಆರಂಭವಾಗುವ ಒಳವಿಳಾಸ ಇಟ್ಟುಕೊಂಡು, ಈ ಒಂದರಿಂದಲೇ ಹೊರಗೆ ಹೋಗಿಬರಲಿ. ಹೊರಗಿನಿಂದ ತಲುಪಲೇಬೇಕಾದ ಲೆಕ್ಕದ ಸರ್ವರಿಗೆ ಮಾತ್ರ ಎರಡನೆಯ ವಿಳಾಸ ಜೋಡಿಸಿ. ಈ ಜೋಡಣೆಗೆ ನ್ಯಾಟ್ ಎನ್ನುತ್ತಾರೆ.

ಇಲ್ಲೇ ಎಚ್ಚರ ಬೇಕು. ಹಾಗೆ ಜೋಡಿಸಿದರೆ ಬೀದಿಗೆ ಬಾಗಿಲಿಟ್ಟಂತೆ. ಫೈರ್‌ವಾಲಿನಲ್ಲಿ ಬೇಕಾದ ಪೋರ್ಟನ್ನಷ್ಟೇ ತೆರೆಯಿರಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ಕೈವಶ ಮಾಡಿಕೊಂಡಿತು. ಆದ್ದರಿಂದ ಪಾಸ್‌ವರ್ಡ್ ಮೊದಲು ಬದಲಿಸಿ.

ಯಾವ ವಿಳಾಸ ಯಾವುದಕ್ಕೆ ಎಂದು ಕಚೇರಿಯ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡಿ. ಕಂಪನಿಯವರು ತಮಿಳಿನಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಅಂಕಿ ಅದೇ. ಜೋಡಿಸಿಕೊಟ್ಟ ಹುಡುಗ ಊರು ಬಿಟ್ಟರೂ ಕಚೇರಿ ನಡೆಯಬೇಕಲ್ಲ!