ದೋಸೆಯ ತೂತು, ಏಡಿಯ ನೋವು

‘ಎಲ್ಲರ ಮನೆ ದೋಸೆಯೂ ತೂತೇ’ ಎನ್ನುವಾಗ ಯಾರೂ ತೂತಿನ ಬಗ್ಗೆ ಯೋಚಿಸುವುದಿಲ್ಲ; ನೆರೆಮನೆಯವರ ಬಗ್ಗೆ ಯೋಚಿಸುತ್ತಾರೆ. ತತ್ತ್ವಶಾಸ್ತ್ರ ಓದಿದವರ ಕಷ್ಟವೆಂದರೆ ಅವರು ತೂತಿನಲ್ಲೇ ನಿಂತುಬಿಡುತ್ತಾರೆ. ತೂತುಗಳನ್ನು ಎಣಿಸಬಹುದು. ಇದು ದೊಡ್ಡದು, ಅದು ಚಿಕ್ಕದು ಎನ್ನಬಹುದು. ಎಣಿಕೆಗೆ ಸಿಕ್ಕಿದ್ದು ಇದೆ ಎನ್ನುವುದಾದರೆ ತೂತೂ ಇದೆ. ಆದರೆ ಹಿಟ್ಟು ಇಲ್ಲದ ಜಾಗಕ್ಕೇ ತೂತು ಎಂದು ಹೆಸರು. ಹಾಗಿದ್ದರೆ ಎಣಿಸಿದ್ದು ಏನನ್ನು?

1970ರಲ್ಲಿ ಅಮೆರಿಕದ ಡೇವಿಡ್ ಲೂಯಿಸ್ ಮತ್ತು ಸ್ಟೆಫನಿ ಲೂಯಿಸ್ ದಂಪತಿ ‘ಹೋಲ್ಸ್’ ಎಂಬ ಪುಟ್ಟ ಪ್ರಬಂಧ ಬರೆದರು. ಅದು ಆರ್ಗಲ್ ಮತ್ತು ಬಾರ್ಗಲ್ ಎಂಬಿಬ್ಬರ ಸಂಭಾಷಣೆ. ಜಗತ್ತಿನಲ್ಲಿರುವುದೆಲ್ಲ ಭೌತವಸ್ತುವೇ ಎಂಬುದು ಆರ್ಗಲ್ ಪಕ್ಷ. ಬಾರ್ಗಲ್ ಮುಂದಿಡುವುದು ತೂತುಬಿದ್ದ ಚೀಸಿನ ತುಂಡು. ಇಕ್ಕಟ್ಟಿಗೆ ಸಿಕ್ಕ ಆರ್ಗಲ್, ತೂತೆಂದರೆ ಅದರ ಸುತ್ತಲಿನ ಅಂಚೇ, ಆದ್ದರಿಂದ ಅದೂ ಭೌತವಸ್ತುವೇ ಎಂದು ವಾದಿಸುತ್ತಾನೆ. 1994ರಲ್ಲಿ ರೊಬರ್ಟೊ ಕಸಾಟಿ ಮತ್ತು ಅಕಿಲೆ ವಾರ್ಜಿ ತೂತುಗಳ ಬಗ್ಗೆಯೇ ಇಡೀ ಪುಸ್ತಕ ತಂದರು. 2008ರಲ್ಲಿ ರಾಯ್ ಸೊರೆನ್ಸನ್ ನೆರಳು, ಕತ್ತಲೆಗಳನ್ನು ಕಣ್ಣು ಕಾಣುವ ಬಗೆಯ ಮೇಲೆ ಬರೆದರು.

ಇದನ್ನು ಕೇಳಿದ ಸಭಿಕರು ನಗುವುದು ಸಹಜ, ನಗಬೇಕು ಕೂಡ. ಆದರೆ ‘ನೀರು ಹಾಕದೆ ಗಿಡ ಸತ್ತಿತು’ ಎಂಬ ಮಾತನ್ನು ಯಾರೂ ನಗುತ್ತಾ ಹೇಳುವುದಿಲ್ಲ. ಹಾಕದ ನೀರು ಗಿಡವನ್ನು ಕೊಂದದ್ದು ಹೇಗೆ? ಇಲ್ಲದ್ದು ಕಾರಣವಾಗಬಲ್ಲದಾದರೆ, ನೀರು ಹಾಕದವರ ಪಟ್ಟಿಯಲ್ಲಿ ಮನೆಯ ಮಾಲಿಯ ಜೊತೆಗೆ ಊರಿನವರೆಲ್ಲರೂ ಇದ್ದಾರೆ. ಹೊಣೆ ಮಾತ್ರ ಮಾಲಿಯದು ಏಕೆ? ಕರ್ತವ್ಯಲೋಪದ ಮೊಕದ್ದಮೆ ನಡೆಯುವ ನ್ಯಾಯಾಲಯದಲ್ಲಿ ಇದು ಬರೀ ತಮಾಷೆಯಲ್ಲ. ಭಾರತದ ವೈಶೇಷಿಕ ದಾರ್ಶನಿಕರು ಜಗತ್ತಿನಲ್ಲಿ ಏನೇನಿದೆ ಎಂಬ ತಮ್ಮ ಪಟ್ಟಿಗೆ ‘ಅಭಾವ’ವನ್ನು ಏಳನೆಯ ಪದಾರ್ಥವಾಗಿ ಸೇರಿಸಿ, ಗಡಿಗೆಯಿಲ್ಲದ ನೆಲವನ್ನು ನೋಡಿದಾಗ ಕಂಡದ್ದು ನೆಲವೋ, ಗಡಿಗೆ ಇಲ್ಲದಿರುವುದೋ ಎಂದು ಶತಮಾನಗಳ ಕಾಲ ಜಗಳವಾಡಿದ್ದೂ ಇಂಥ ಒತ್ತಾಯದಿಂದಲೇ.

ತತ್ತ್ವಶಾಸ್ತ್ರ ಎಂದ ಕೂಡಲೇ ಕನ್ನಡ ಓದುಗರಿಗೆ ನೆನಪಾಗುವುದು ದರ್ಶನಗಳ ಇತಿಹಾಸ. ಅದಕ್ಕೆ ಕಾರಣವೂ ಇದೆ. ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದರು, ಎಂ. ಹಿರಿಯಣ್ಣನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮಾಡಿದ ಪಾಠಗಳಿಂದಲೇ 1932ರ ಅವರ ಪ್ರಸಿದ್ಧ ಭಾರತೀಯ ತತ್ತ್ವಶಾಸ್ತ್ರ ಗ್ರಂಥ ಹುಟ್ಟಿತು. ಆ ಪರಂಪರೆಯ ಬಗ್ಗೆ ದತ್ತಿ ಉಪನ್ಯಾಸಗಳು ಸಾಕಷ್ಟಾಗಿವೆ. ಈ ಉಪನ್ಯಾಸದ ವಿಷಯ ಬೇರೆ: ಇವತ್ತು ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ ವಿಭಾಗಗಳಲ್ಲಿ ಕೂತವರು ಏನನ್ನು ಹುಡುಕುತ್ತಿದ್ದಾರೆ ಎಂಬುದು. 2020ರಲ್ಲಿ ಡೇವಿಡ್ ಬೌರ್ಜೆಟ್ ಮತ್ತು ಡೇವಿಡ್ ಚಾಮರ್ಸ್ ಮುಖ್ಯವಾಗಿ ಇಂಗ್ಲಿಷ್ ಬಲ್ಲ ತತ್ತ್ವಜ್ಞರ ಮುಂದೆ 100 ಪ್ರಶ್ನೆಗಳನ್ನಿಟ್ಟು ಸಮೀಕ್ಷೆ ನಡೆಸಿದರು. 1,785 ಮಂದಿ ಉತ್ತರಿಸಿದರು. ಹೊರಜಗತ್ತು ನಿಜವಾಗಿ ಇದೆ, ಅದನ್ನು ತಿಳಿಯಲೂಬಹುದು ಎಂದವರು ನೂರಕ್ಕೆ ಸುಮಾರು 80. ಉಳಿದವರು ಆ ಉತ್ತರವನ್ನು ಯಾವ ಜಗತ್ತಿಗೆ ಕಳಿಸಿದರು ಎಂದು ಕೇಳುವ ಆಸೆ ಯಾರಿಗಾದರೂ ಆದೀತು. ಮನಸ್ಸು ಭೌತಿಕವೇ ಎಂಬ ಪ್ರಶ್ನೆಗೆ ಹೌದೆಂದವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಇಂಥ ದೊಡ್ಡ ಪ್ರಶ್ನೆಗಳಲ್ಲಿ ಒಮ್ಮತವಿಲ್ಲ. ಕೆಲಸ ಮುಂದಕ್ಕೆ ಹೋಗುತ್ತಿರುವುದು ದಿನಬಳಕೆಯ ಒಂದೊಂದು ಮಾತನ್ನು ಹಿಡಿದು, ಅದು ಎಲ್ಲಿ ಮುರಿಯುತ್ತದೆಂದು ನೋಡುವ ಕಡೆ.

‘ಗೊತ್ತು’ ಎಂಬ ಮಾತನ್ನೇ ನೋಡಬಹುದು. ಹಳ್ಳಿಯ ಗೂಡಂಗಡಿಯ ಬೆಂಚಿನ ಮೇಲೆ ಕೂತವನೊಬ್ಬ ದೂರದಲ್ಲಿ ಧೂಳೆದ್ದದ್ದು ಕಂಡು ‘ಬಸ್ಸು ಬಂತು’ ಎನ್ನುತ್ತಾನೆ. ಧೂಳೆಬ್ಬಿಸಿದ್ದು ಕುರಿಮಂದೆ. ಆದರೆ ಅದರ ಹಿಂದೆ, ತಿರುವಿನಾಚೆ, ನಿಜಕ್ಕೂ ಬಸ್ಸು ಬರುತ್ತಿದೆ. ಅವನು ನಂಬಿದ್ದು ಸತ್ಯ, ನಂಬಲು ಕಾರಣವೂ ಇತ್ತು. ಅವನಿಗೆ ಬಸ್ಸು ಬರುವುದು ಗೊತ್ತಿತ್ತೇ? ಸತ್ಯವಾದ, ಆಧಾರವುಳ್ಳ ನಂಬಿಕೆಯೇ ಜ್ಞಾನ ಎಂಬ ಪ್ಲೇಟೋ ಕಾಲದ ಲಕ್ಷಣವನ್ನು 1963ರಲ್ಲಿ ಎಡ್ಮಂಡ್ ಗೆಟಿಯರ್ ಇಂಥ ಎರಡು ಉದಾಹರಣೆಗಳಿಂದ ಕೆಡವಿದರು. ಆ ಲೇಖನ ಮೂರೇ ಪುಟ. ಆಮೇಲೆ ಅವರು ಹೆಚ್ಚುಕಡಿಮೆ ಏನನ್ನೂ ಪ್ರಕಟಿಸಲಿಲ್ಲ. ಅವರ ಮೂರು ಪುಟಕ್ಕೆ ಉತ್ತರ ಬರೆಯುತ್ತಾ ಉಳಿದವರು ಗ್ರಂಥಾಲಯ ತುಂಬಿಸಿದರು.

ಕುರಿಯ ಧೂಳಿನ ಕಥೆಗೆ ಹಳೆಯ ದಾಯಾದಿಯೊಂದಿದೆ. ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಂದು ಉದಾಹರಣೆ ಕೊಡುತ್ತಾನೆ: ಮಾಂಸ ಸುಡಲು ಈಗಷ್ಟೇ ಬೆಂಕಿ ಹೊತ್ತಿಸಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ, ಮುತ್ತಿದ ಕೀಟಗಳನ್ನೇ ಹೊಗೆಯೆಂದು ತಿಳಿದ ದೂರದವನು ಅಲ್ಲಿ ಬೆಂಕಿಯಿದೆ ಎನ್ನುತ್ತಾನೆ. ಹನ್ನೆರಡನೆಯ ಶತಮಾನದ ಶ್ರೀಹರ್ಷ ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಎಂದು ಊಹಿಸಿ ಗೆದ್ದವನನ್ನು ತರುತ್ತಾನೆ. ‘ಇದೆಲ್ಲ ನಮ್ಮವರು ಆಗಲೇ ಹೇಳಿದ್ದರು’ ಎಂದು ಎದೆ ತಟ್ಟಿಕೊಂಡು ಪುಸ್ತಕ ಮುಚ್ಚುವವರಿಗೆ ಸಿಗುವುದು ಹೆಮ್ಮೆಯೊಂದೇ. ಆಕ್ಸ್‌ಫರ್ಡಿನಲ್ಲಿದ್ದ ಬಿಮಲ್ ಕೃಷ್ಣ ಮತಿಲಾಲ್ ಪುಸ್ತಕ ಮುಚ್ಚಲಿಲ್ಲ. ಎರಡೂ ಕಡೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ವಾದಕ್ಕೆ ಹಚ್ಚಿದರು. ಆಗ ವ್ಯತ್ಯಾಸವೂ ಕಾಣುತ್ತದೆ. ಗೆಟಿಯರ್ ನಂತರದ ಅನೇಕರು ಸತ್ಯ, ಆಧಾರ, ನಂಬಿಕೆ ಎಂಬ ಹಳೆಯ ಲಕ್ಷಣಕ್ಕೆ ನಾಲ್ಕನೆಯ ಅಂಶದ ತೇಪೆ ಹಾಕಲು ಹೊರಟರೆ, ಶ್ರೀಹರ್ಷನಿಗೆ ಬೇಕಿದ್ದದ್ದು ಲಕ್ಷಣ ಹೇಳುವ ಕಸುಬೇ ನಿಲ್ಲದು ಎಂದು ತೋರಿಸುವುದು. 2000ದಲ್ಲಿ ಟಿಮೊಥಿ ವಿಲಿಯಮ್ಸನ್ ಕೂಡ ಜ್ಞಾನವನ್ನು ಬಿಡಿಭಾಗಗಳಾಗಿ ಒಡೆಯಲಾಗದು ಎಂದರು. ಆದರೆ ಅವರು ಹೋದದ್ದು ತದ್ವಿರುದ್ಧ ದಿಕ್ಕಿಗೆ, ಜ್ಞಾನವನ್ನೇ ಬುನಾದಿ ಮಾಡಿಕೊಂಡು.

ಇಷ್ಟಕ್ಕೂ ಬಸ್ಸು ಕಾಯುವವನ ಬಗ್ಗೆ ತೀರ್ಪು ಕೊಡಲು ಪ್ರೊಫೆಸರರಿಗೇನು ಅಧಿಕಾರ? ಈ ಅನುಮಾನದಿಂದಲೇ ಕೆಲವರು ಕಾಗದ ಹಿಡಿದು ಬೀದಿಗಿಳಿದರು. 2001ರಲ್ಲಿ ಮೂವರು ಅಮೆರಿಕನ್ನರು, ಗೆಟಿಯರ್ ಕಥೆಗಳಿಗೆ ಪಶ್ಚಿಮದವರ ಮತ್ತು ಏಷ್ಯಾ ಮೂಲದವರ ಉತ್ತರ ಬೇರೆ ಬೇರೆ ಎಂದು ವರದಿ ಮಾಡಿ ದೊಡ್ಡ ಗದ್ದಲ ಎಬ್ಬಿಸಿದರು. ಮುಂದೆ ಅಮೆರಿಕ, ಬ್ರೆಜಿಲ್, ಜಪಾನ್, ಭಾರತಗಳಲ್ಲಿ ಕೇಳಿ ನೋಡಿದಾಗ ನಾಲ್ಕೂ ಕಡೆ ಉತ್ತರ ಹೆಚ್ಚುಕಡಿಮೆ ಒಂದೇ. ಗದ್ದಲ ತಣ್ಣಗಾಯಿತು. ಅದಕ್ಕಿಂತ ಗಟ್ಟಿಯಾಗಿ ನಿಂತದ್ದು 2003ರಲ್ಲಿ ಜೋಶುವಾ ನೋಬ್ ನ್ಯೂಯಾರ್ಕಿನ ಪಾರ್ಕೊಂದರಲ್ಲಿ 78 ಜನರಿಗೆ ಹೇಳಿದ ಕಥೆ. ‘ಪರಿಸರ ಏನಾದರೂ ಆಗಲಿ, ಲಾಭ ಬಂದರೆ ಸಾಕು’ ಎಂದು ಕಂಪನಿಯ ಅಧ್ಯಕ್ಷ ಯೋಜನೆಗೆ ಒಪ್ಪುತ್ತಾನೆ. ಪರಿಸರ ಹಾಳಾಗುತ್ತದೆ. ಬೇಕೆಂದೇ ಹಾಳುಮಾಡಿದನೇ? ನೂರಕ್ಕೆ 82 ಮಂದಿ ಹೌದೆಂದರು. ಅದೇ ಅಧ್ಯಕ್ಷ, ಅದೇ ಉದಾಸೀನ, ಆದರೆ ಪರಿಸರಕ್ಕೆ ಒಳಿತಾಯಿತು ಎಂದು ಕಥೆ ಬದಲಿಸಿದಾಗ, ಬೇಕೆಂದೇ ಒಳಿತು ಮಾಡಿದ ಎಂದವರು ಬರೀ 23. ಒಬ್ಬನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಜನ ಫಲ ನೋಡಿ ನಿರ್ಧರಿಸುತ್ತಾರೆ ಎಂದಾಯಿತು. ಗಂಡ ಬೇಕೆಂದೇ ಹಾಲು ಉಕ್ಕಿಸಿದ ಎಂದು ಜಗಳವಾಡಿದ ಯಾವ ಮನೆಗೂ ಇದು ಆಶ್ಚರ್ಯವಲ್ಲ. ಕೋರ್ಟಿನ ಪಂಚರೂ ಹಾಗೆಯೇ ಯೋಚಿಸುತ್ತಾರೇನೋ ಎಂಬುದು ಚಿಂತೆಯ ವಿಷಯ.

ನೋವಿನ ಪ್ರಶ್ನೆ ಸೀದಾ ಕಾನೂನಿಗೇ ಹೋಯಿತು. ಏಡಿಯನ್ನು ಕುದಿಯುವ ನೀರಿಗೆ ಹಾಕಿದರೆ ಅದಕ್ಕೆ ನೋಯುತ್ತದೆಯೇ? ಅದು ಬಾಯಿಬಿಟ್ಟು ಹೇಳಲಾರದು, ಕಾಲು ಜಾಡಿಸಿದ ಮಾತ್ರಕ್ಕೆ ನೋವೆನ್ನಲೂ ಆಗದು. ಬ್ರಿಟನ್ ಸರ್ಕಾರ ಈ ಕೆಲಸವನ್ನು ಒಪ್ಪಿಸಿದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ತತ್ತ್ವಜ್ಞ ಜೊನಾಥನ್ ಬರ್ಚ್ ಅವರ ತಂಡಕ್ಕೆ. ತಂಡ 300ಕ್ಕೂ ಹೆಚ್ಚು ವೈಜ್ಞಾನಿಕ ಅಧ್ಯಯನಗಳನ್ನು ಎಂಟು ಒರೆಗಲ್ಲುಗಳಿಗೆ ತಿಕ್ಕಿ ನೋಡಿತು: ಗಾಯವಾದ ಜಾಗವನ್ನು ಪ್ರಾಣಿ ಸವರಿಕೊಳ್ಳುತ್ತದೆಯೇ, ನೋವುನಿವಾರಕ ಕೊಟ್ಟರೆ ನಡವಳಿಕೆ ಬದಲಾಗುತ್ತದೆಯೇ, ಹೀಗೆ. 2021ರಲ್ಲಿ ವರದಿ ಬಂತು. 2022ರ ಪ್ರಾಣಿಕಲ್ಯಾಣ ಕಾಯ್ದೆಯಲ್ಲಿ ಏಡಿ, ಸಿಗಡಿ, ಆಕ್ಟೋಪಸ್, ಬೊಂಡಾಸ್ ಜಾತಿಯವು ಸಂವೇದನೆಯುಳ್ಳ ಜೀವಿಗಳ ಸಾಲಿಗೆ ಸೇರಿದವು. ಸಂವೇದನೆ ಹುಟ್ಟುವುದೇ ಹೇಗೆಂಬುದು ಮಾತ್ರ ಹಾಗೇ ಉಳಿದಿದೆ. ಪ್ರಜ್ಞೆಯ ನರಮೂಲವನ್ನು 25 ವರ್ಷಗಳಲ್ಲಿ ಹಿಡಿದುಕೊಡುವುದಾಗಿ ನರವಿಜ್ಞಾನಿ ಕ್ರಿಸ್ಟಫ್ ಕಾಕ್ 1998ರಲ್ಲಿ ಚಾಮರ್ಸ್ ಜೊತೆ ವೈನಿನ ಪಂಥ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಸೋಲೊಪ್ಪಿ ಬಾಟಲಿಗಳನ್ನು ಕೊಟ್ಟರು.

ಯಾರ ಅನುಭವಕ್ಕೆ ಯಾರು ಸಿದ್ಧಾಂತ ಕಟ್ಟಬೇಕು ಎಂಬ ಪ್ರಶ್ನೆ ಭಾರತದಲ್ಲಿ ಹೆಚ್ಚು ಖಾರವಾಗಿ ಎದ್ದಿತು. ದಲಿತರು ಅನುಭವ ಒದಗಿಸುವುದು, ಉಳಿದವರು ಅದರ ಮೇಲೆ ಸಿದ್ಧಾಂತ ಬರೆಯುವುದು ಎಂಬ ಶ್ರಮವಿಭಜನೆಯನ್ನು ಗೋಪಾಲ್ ಗುರು ಪ್ರಶ್ನಿಸಿದರು. ಬೆಂಗಳೂರು, ಮಣಿಪಾಲಗಳಲ್ಲಿ ಕೆಲಸ ಮಾಡಿದ ಸುಂದರ್ ಸಾರುಕ್ಕೈ ಅವರೊಂದಿಗಿನ ಆ ವಾದ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಪುಸ್ತಕವಾಯಿತು. ಅವರಿಬ್ಬರೂ ಪೂರ್ತಿ ಒಪ್ಪುವುದಿಲ್ಲ, ಪುಸ್ತಕದ ರುಚಿಯೂ ಅದೇ.

ಭಾಷೆಯ ಪ್ರಶ್ನೆ ಉಳಿಯಿತು. 2001ರಲ್ಲಿ ಜೇಸನ್ ಸ್ಟ್ಯಾನ್ಲಿ ಮತ್ತು ವಿಲಿಯಮ್ಸನ್, ಈಜು ಗೊತ್ತಿರುವುದೂ ಒಂದು ಸಂಗತಿ ಗೊತ್ತಿರುವುದೂ ಬೇರೆಯಲ್ಲ ಎಂದು ವಾದಿಸಿದಾಗ ಆಧಾರವಾಗಿ ತಂದದ್ದು ಬಹುಪಾಲು ಇಂಗ್ಲಿಷ್ ವ್ಯಾಕರಣ. ಅಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಜಪಾನಿಯಲ್ಲಿ ‘ತಿಳಿ’ಗೆ ಎರಡು ಕ್ರಿಯಾಪದಗಳಿದ್ದು, ಯಾವುದನ್ನು ಬಳಸಿ ಕೇಳಿದರು ಎಂಬುದರ ಮೇಲೆ ಜನರ ಉತ್ತರ ಬದಲಾಗುವುದನ್ನು ಮಸಹರು ಮಿಜುಮೊಟೊ ತೋರಿಸಿದ್ದಾರೆ. ಕನ್ನಡದಲ್ಲಿ ಗೊತ್ತು, ತಿಳಿದಿದೆ, ಅರಿವಿದೆ, ಬಲ್ಲೆ ಎಲ್ಲವೂ ಇವೆ. ‘ಬಲ್ಲೆ’ ಒಂದರಲ್ಲೇ ತಿಳಿವೂ ಇದೆ, ಈಜಬಲ್ಲೆ ಎನ್ನುವಾಗಿನ ಕೈಕಾಲಿನ ಬಲವೂ ಇದೆ. ಸಾಲದ್ದಕ್ಕೆ ಈಜು ‘ಬರುತ್ತದೆ’, ಬಸ್ಸು ಬಂದ ಹಾಗೆ, ನಿದ್ದೆ ಬಂದ ಹಾಗೆ. ಗೂಡಂಗಡಿಯ ಬೆಂಚಿನ ಮೇಲಿನವನು ‘ಈಜುವುದು ಹೇಗೆಂದು ಗೊತ್ತು, ಈಜು ಮಾತ್ರ ಬರೋದಿಲ್ಲ’ ಎಂದರೆ ಅಂಗಡಿಯವನು ತಲೆಯಾಡಿಸಿ ಒಪ್ಪುತ್ತಾನೋ, ನಗುತ್ತಾನೋ? ಕೇಳಿ ನೋಡಲು ಒಂದು ಹಾಳೆ, ಒಂದು ಪೆನ್ನು, ಬಸ್ಸು ಬರುವವರೆಗಿನ ಹೊತ್ತು ಬೇಕು.